ಆಟ ಬಿಟ್ಟ ಮೇಲೆ ರಗ್ಬಿ ಆಟಗಾರನ ಆರೋಗ್ಯ

ಪ್ರಶ್ನೆ: ಬಹಳ ವರ್ಷ ಪ್ರಾಪ್ (ಮುಂದಿನ ಸಾಲಿನ ಆಟಗಾರ) ಸ್ಥಾನದಲ್ಲಿ ರಗ್ಬಿ ಆಡಿದ ನನ್ನ ತಮ್ಮ ಹೋದ ವರ್ಷ ನಿವೃತ್ತನಾದ. ಈಗ ತೂಕ ಏರುತ್ತಲೇ ಇದೆ. ರಾತ್ರಿ ಜೋರು ಗೊರಕೆ, ಹಗಲಲ್ಲಿ ತೂಕಡಿಕೆ. ಏನು ಮಾಡಬೇಕು?

ಉತ್ತರ: ತೂಕಕ್ಕಿಂತ ಮೊದಲು ನಿದ್ದೆಯ ಕಡೆ ಗಮನ ಕೊಡಿ. ಸ್ಕ್ರಮ್, ಅಂದರೆ ಎರಡೂ ತಂಡದವರು ತಲೆ ತಗ್ಗಿಸಿ ಒಬ್ಬರನ್ನೊಬ್ಬರು ತಳ್ಳುವ ಗುಂಪಿನ ಮುಂದಿನ ಸಾಲಿನಲ್ಲಿ ಆಡುವವರು ಕುತ್ತಿಗೆಯನ್ನು ಬೇಕೆಂದೇ ದಪ್ಪ ಬೆಳೆಸಿರುತ್ತಾರೆ. ಗಂಡಸರಲ್ಲಿ ಕುತ್ತಿಗೆಯ ಸುತ್ತಳತೆ ಸುಮಾರು 43 ಸೆಂ.ಮೀ. ಮೀರಿದರೆ ನಿದ್ದೆಯಲ್ಲಿ ಉಸಿರು ಕಟ್ಟುವ ಸಾಧ್ಯತೆ ಹೆಚ್ಚು. ಗಂಟಲಿನ ಉಬ್ಬಿನ ಸ್ವಲ್ಪ ಕೆಳಗೆ ಟೇಪ್ ಸುತ್ತಿ ಅಳೆಯಿರಿ. ಗೊರಕೆ ನಡುವೆ ನಿಂತು, ಏದುಸಿರಿನೊಂದಿಗೆ ಮತ್ತೆ ಶುರುವಾಗುತ್ತಿದ್ದರೆ ವೈದ್ಯರ ಬಳಿ ನಿದ್ರಾ ಪರೀಕ್ಷೆ ಮಾಡಿಸಲೇಬೇಕು. ರಕ್ತದೊತ್ತಡವನ್ನೂ ನೋಡಿಸಿ.

ತೂಕ ಏರುವ ಕಾರಣ ಸರಳ: ಅಭ್ಯಾಸ ನಿಂತಿದೆ, ತಟ್ಟೆ ಮಾತ್ರ ಹಾಗೇ ಇದೆ. ಅನ್ನ, ರೊಟ್ಟಿ, ಸಿಹಿ ಪಾನೀಯ ಇಳಿಸಲಿ. ಪ್ರೋಟೀನ್ ಇಳಿಸುವುದು ಬೇಡ. ಭಾರ ಎತ್ತುವುದನ್ನು ಪೂರ್ತಿ ಬಿಟ್ಟರೆ ಸ್ನಾಯು ಕರಗಿ ಕೊಬ್ಬು ಉಳಿಯುತ್ತದೆ. ವಾರಕ್ಕೆ ಎರಡು ದಿನ ಸಾಕು. ಮಂಡಿ ನೋವಿದ್ದರೆ ಓಟದ ಬದಲು ಈಜು, ಸೈಕಲ್. ವಾರಕ್ಕೆ ಅರ್ಧ ಕೆ.ಜಿ. ಇಳಿದರೆ ಒಳ್ಳೆಯ ಪ್ರಗತಿ.

ಪ್ರಶ್ನೆ: ಮಾಜಿ ಆಟಗಾರರಲ್ಲಿ ಮರೆವು ಕಂಡರೆ?

ಉತ್ತರ: ವಯಸ್ಸು ಚಿಕ್ಕದೆಂದು ಕಾಯಬೇಡಿ. 2003ರ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಸ್ಟೀವ್ ಥಾಂಪ್ಸನ್ ನಲವತ್ತರ ಆಸುಪಾಸಿನಲ್ಲೇ ಡಿಮೆನ್ಷಿಯಾಕ್ಕೆ (ಮರೆವಿನ ಕಾಯಿಲೆಗೆ) ತುತ್ತಾದರು. ತಲೆಗೆ ಬಿದ್ದ ಪೆಟ್ಟುಗಳನ್ನು ವರ್ಷದ ಸಮೇತ ಬರೆದು ನರರೋಗ ತಜ್ಞರಿಗೆ ಕೊಡಿ. ಸಿಟ್ಟು, ಮಂಕುತನ, ಹಣದ ಲೆಕ್ಕ ತಪ್ಪುವುದು ಮನೆಯವರಿಗೇ ಮೊದಲು ಕಾಣುತ್ತದೆ. ಜೊತೆಗೆ ಒಬ್ಬರು ಹೋಗಿ.