ಕಷ್ಟದ್ದು ಓಡಲ್ವಾ?

ಪ್ರಶ್ನೆ: ಹಿಟ್ ಆಗುವ ಹಾಡು, ಗೇಮ್ ಎಲ್ಲಾ ಸರಳವಾಗೇ ಇರುತ್ತವೆ. ತಲೆ ಓಡಿಸಿ ಮಾಡಿದ್ದನ್ನು ಜನ ಯಾಕೆ ಕೇಳಲ್ಲ, ಆಡಲ್ಲ?
– ಓದುಗ, ಶಹಾಬಾದ್, ಕಲಬುರಗಿ ಜಿಲ್ಲೆ

ಉತ್ತರ: ಎಲ್ಲಾ ಅಂದರೆ ಒಪ್ಪಲ್ಲ. ಮೈನ್‌ಕ್ರಾಫ್ಟ್ ಗೇಮ್ ನೋಡಿ, 2023ರಲ್ಲೇ ಅದರ ಮಾರಾಟ 30 ಕೋಟಿ ಪ್ರತಿ ದಾಟಿತ್ತು. ಅದರಲ್ಲಿ ಚಿಕ್ಕ ಮಕ್ಕಳೂ ಕಲ್ಲು ಒಡೆದು ಮನೆ ಕಟ್ಟುತ್ತಾರೆ, ಅದೇ ಆಟದೊಳಗೆ ವಿದ್ಯುತ್ ತಂತಿಯ ಹಾಗೆ ಕೆಲಸ ಮಾಡುವ ರೆಡ್‌ಸ್ಟೋನ್ ಜೋಡಿಸಿ ಕ್ಯಾಲ್ಕುಲೇಟರ್ ಮಾಡಿದವರೂ ಇದ್ದಾರೆ. ಮೊದಲ ದಿನವೇ ಅದನ್ನೆಲ್ಲ ಕಲಿಯಿರಿ ಅಂತ ಒತ್ತಾಯ ಇಲ್ಲ, ಅಲ್ವಾ? ನಿಮ್ಮದೇ ಜಿಲ್ಲೆಯ ಕಡಕೋಳ ಮಡಿವಾಳಪ್ಪನವರ ತತ್ವಪದಗಳೂ ಹಾಗೇ. ಏಕತಾರಿ ಹಿಡಿದು ಶುರು ಮಾಡಿದರೆ ಊರವರೆಲ್ಲ ದನಿಗೂಡಿಸುತ್ತಾರೆ, ಅರ್ಥ ಕೇಳಿ ನೋಡಿ, ಹಾಡುವವರಲ್ಲೇ ಜಗಳ! ಶುರುವಲ್ಲೇ ಕಷ್ಟ ಕೊಟ್ಟರೆ ಮಾತ್ರ ಜನ ಎದ್ದು ಹೋಗುತ್ತಾರೆ. ಸುಮ್ನೆ ಜಾಣತನ ತೋರಿಸೋಕೆ ತಾಳ ಬದಲಿಸುವ ಹಾಡನ್ನು ನಾನೂ ಅರ್ಧಕ್ಕೇ ನಿಲ್ಲಿಸುತ್ತೇನೆ.