ಮೆನುವಿನ ಬಲಗಡೆ ನೋಡಬಹುದಾ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಹೋಟೆಲ್ ಬಿಲ್ಲಿನ ಪಂಚಾಯ್ತಿಯೇ. ಬರವಣಿಗೆಗೆ ಬರುವ ಮುಂಚೆ ನಾನು ಹೋಟೆಲೊಂದರ ಗಲ್ಲಾದಲ್ಲಿ ಕೂತಿದ್ದವನು ಅಂತ ಹಿಂದೊಮ್ಮೆ ಇಲ್ಲಿ ಹೇಳಿದ್ದೆ. ಅದನ್ನು ಯಾರೂ ಮರೆತಿಲ್ಲ ಅಂತ ಕಾಣುತ್ತೆ. ಸರಿ, ಒಂದೊಂದಾಗಿ ನೋಡೋಣ.

ಪ್ರಶ್ನೆ: ನಾವು ಆರು ಜನ ಗೆಳೆಯರು ಆಗಾಗ ಒಟ್ಟಿಗೆ ಹೊರಗೆ ಊಟಕ್ಕೆ ಹೋಗುತ್ತೇವೆ. ನಾನು ಕುಡಿಯುವುದಿಲ್ಲ, ಊಟವೂ ಕಮ್ಮಿ. ಬಿಲ್ ಮಾತ್ರ ಆರು ಸಮಪಾಲು. ಹೇಳಿದರೆ ಜಿಪುಣ ಅಂತಾರೆ, ಹೇಳದಿದ್ದರೆ ಮನೆಗೆ ಬರುವವರೆಗೂ ಹೊಟ್ಟೆ ಉರಿಯುತ್ತೆ. ಏನು ಮಾಡಲಿ? — ಹೆಸರು ಹಾಕಬೇಡಿ ಎಂದವರು

ಉತ್ತರ: ಹೇಳಿ. ಆದರೆ ಬಿಲ್ ಬಂದ ಮೇಲಲ್ಲ, ಕುರ್ಚಿ ಎಳೆದು ಕೂತ ಕೂಡಲೇ. ಸಪ್ಲೈಯರ್ ಆರ್ಡರ್ ಬರೆದುಕೊಳ್ಳಲು ಬಂದಾಗ ಎಲ್ಲರಿಗೂ ಕೇಳುವ ಹಾಗೆ, "ನನ್ನದೊಂದು ಬೇರೆ ಬಿಲ್ ಮಾಡ್ಬಿಡಿ" ಅನ್ನಿ. ಅಷ್ಟೇ. ಯಾಕೆ ಏನು ಅಂತ ವಿವರಿಸಲು ಹೋಗಬೇಡಿ. ನೀವು ಒಂದು ಕಾರಣ ಕೊಟ್ಟರೆ ಅದಕ್ಕೆ ಐದು ಜನ ಐದು ಉತ್ತರ ಕೊಡುತ್ತಾರೆ.

ಮೊದಲೇ ಹೇಳುವುದರಿಂದ ಹೋಟೆಲಿನವರಿಗೂ ಸುಲಭ. ಆಗ ಅವರು ಬೇರೆ ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ. ಎಲ್ಲವೂ ಒಂದೇ ಟೇಬಲ್ ನಂಬರಿಗೆ ಹೋಗಿ, ಬಿಲ್ ಅಚ್ಚಾಗಿ ಹೊರಬಂದ ಮೇಲೆ "ಇದನ್ನ ಆರು ಭಾಗ ಮಾಡಿ ಕೊಡಿ, ಅವನ ಜ್ಯೂಸು ನನ್ನದರಲ್ಲಿ ಬೇಡ" ಅಂದರೆ ಗಲ್ಲಾದಲ್ಲಿ ಕೂತವನು ಮುಖದಲ್ಲಿ ನಗುತ್ತಾನೆ, ಮನಸ್ಸಿನಲ್ಲಿ ಬೈಯುತ್ತಾನೆ. ನಾನಂತೂ ಬೈಯುತ್ತಿದ್ದೆ.

ನಿಮ್ಮ ಹೊಟ್ಟೆ ಉರಿ ಬರೀ ನಿಮ್ಮದಲ್ಲ. ಯೂರಿ ಗ್ನೀಜಿ ಅನ್ನುವ ಅರ್ಥಶಾಸ್ತ್ರಜ್ಞ ಮತ್ತು ಇನ್ನಿಬ್ಬರು ಸಂಶೋಧಕರು ಇಸ್ರೇಲಿನಲ್ಲಿ ಇದನ್ನೇ ಪರೀಕ್ಷೆ ಮಾಡಿ 2004ರಲ್ಲಿ ಪ್ರಕಟಿಸಿದರು. ಆರಾರು ಜನರ ಗುಂಪುಗಳನ್ನು ಊಟಕ್ಕೆ ಕೂರಿಸಿದರು. ತಮ್ಮ ತಮ್ಮ ಬಿಲ್ ತಾವೇ ಕೊಡಬೇಕು ಅಂದಾಗ ತಲಾ ಸುಮಾರು 37 ಶೆಕೆಲ್‌ನಷ್ಟು (ಶೆಕೆಲ್ ಅಂದರೆ ಅಲ್ಲಿನ ಹಣ) ತರಿಸಿಕೊಂಡರು. ಸಮಪಾಲು ಅಂದಾಗ ಅದು ಸುಮಾರು 51ಕ್ಕೆ ಏರಿತು. ಪೂರ್ತಿ ಬಿಟ್ಟಿ ಅಂದಾಗ 82! ಕಾರಣ ಸರಳ. ಆರು ಜನರ ಗುಂಪಿನಲ್ಲಿ ನಾನು ತರಿಸುವ ಹೆಚ್ಚುವರಿ ತಟ್ಟೆಗೆ ನನ್ನ ಜೇಬಿನಿಂದ ಹೋಗುವುದು ಆರರಲ್ಲಿ ಒಂದು ಪಾಲು ಮಾತ್ರ. ಉಳಿದ ಐದು ಪಾಲು ನಿಮ್ಮಂಥವರು ಕೊಡುತ್ತೀರಿ. ಎಲ್ಲರೂ ಹೀಗೇ ಲೆಕ್ಕ ಹಾಕಿದರೆ ಎಲ್ಲರ ಬಿಲ್ಲೂ ಉಬ್ಬುತ್ತೆ. ಆಮೇಲೆ ಎಲ್ಲರೂ "ಇವತ್ತು ಜಾಸ್ತಿ ಆಯ್ತು ಅಲ್ವಾ" ಅಂತ ಗೊಣಗುತ್ತಾರೆ.

ಇನ್ನೂ ಸ್ವಾರಸ್ಯದ ಸಂಗತಿ ಇದೆ. ಆರ್ಡರ್ ಮಾಡುವ ಮುಂಚೆ, "ಸಮಪಾಲು ಬೇಕಾ, ಅವರವರದ್ದು ಅವರಿಗೇನಾ?" ಅಂತ ಕೇಳಿದಾಗ ಶೇಕಡಾ 80ರಷ್ಟು ಮಂದಿ ಅವರವರದ್ದು ಅವರಿಗೇ ಇರಲಿ ಅಂದರು. ಅಂದರೆ ನಿಮ್ಮ ಗುಂಪಿನ ಉಳಿದ ಐವರಲ್ಲೂ ನಾಲ್ಕು ಜನ ನಿಮ್ಮಂತೆಯೇ ಬಾಯಿ ಮುಚ್ಚಿ ಕೂತಿರಬಹುದು. ಯಾರೋ ಒಬ್ಬರು ಬಾಯಿ ಬಿಡಲಿ ಅಂತ ಕಾಯುತ್ತಿರಬಹುದು.

ಲೆಕ್ಕ ಬೇಕಿದ್ದರೆ ಹೀಗೆ ಮಾಡಿ. ತೆರಿಗೆ, ಸರ್ವೀಸ್ ಚಾರ್ಜು ಸೇರುವ ಮುಂಚಿನ ಮೊತ್ತ ಸಾವಿರ, ಸೇರಿದ ಮೇಲೆ ಸಾವಿರದ ನೂರು ಅಂದುಕೊಳ್ಳಿ. ನೀವು ತಿಂದದ್ದು ಇನ್ನೂರಾದರೆ ನೀವು ಕೊಡಬೇಕಾದದ್ದು ಇನ್ನೂರಿಪ್ಪತ್ತು. ಪಾನೀಯಕ್ಕೆ ತೆರಿಗೆ ದರವೇ ಬೇರೆ ಇದ್ದರೆ ಅದನ್ನು ಕುಡಿದವರ ತಲೆಗೇ ಹಾಕಿ. "ನಂದು ಇನ್ನೂರು" ಅಂತ ಬರೀ ಇನ್ನೂರು ಇಟ್ಟು ಎದ್ದು ಹೋಗಬೇಡಿ. ಹಾಗೆ ಮಾಡುವವರ ಬಗ್ಗೆ ನನಗೆ ಇನ್ನೊಂದಿಷ್ಟು ಪತ್ರ ಬಂದಿವೆ.

ವ್ಯತ್ಯಾಸ ಅಷ್ಟೋ ಇಷ್ಟೋ ಇದ್ದರೆ ಸುಮ್ನೆ ಕೊಟ್ಟುಬಿಡಿ. ಕುಡಿಯುವವರ ಜೊತೆ ಕುಡಿಯದವರು ಕೂತಾಗ ಮಾತ್ರ ಅದು ಅಷ್ಟೋ ಇಷ್ಟೋ ಆಗಿರುವುದಿಲ್ಲ.

ಪ್ರಶ್ನೆ: ಹೊಸ ಕೆಲಸಕ್ಕೆ ಸೇರಿದ್ದೇನೆ. ಮೇಲಧಿಕಾರಿ ಊಟಕ್ಕೆ ಕರೆದಿದ್ದಾರೆ, ದೊಡ್ಡ ಹೋಟೆಲು. ಮೆನು ಕೈಗೆ ಬಂದಾಗ ಬೆಲೆ ನೋಡುವುದು ಅಸಭ್ಯವಾ? ಎಷ್ಟರದ್ದು ತರಿಸಿಕೊಂಡರೆ ಸರಿ? — ಚಡಪಡಿಕೆಯ ಓದುಗ

ಉತ್ತರ: ಧಾರಾಳವಾಗಿ ನೋಡಿ. ಬೆಲೆ ಅಚ್ಚು ಹಾಕಿರೋದೇ ನೋಡಲಿಕ್ಕೆ. ಬೆರಳಿಟ್ಟು ಸಾಲು ಸಾಲಾಗಿ ಕೆಳಗಿಳಿಸಬೇಡಿ, ಕಣ್ಣಲ್ಲೇ ಓದಿ.

ಆದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಕೊಡಬೇಕಾದವರು ಕರೆದವರು. ಊಟಕ್ಕೆ ಕರೆಯುವ ಮಹನೀಯರಿಗೆ ನನ್ನ ವಿನಂತಿ ಒಂದೇ: ಅತಿಥಿಗೆ ಸುಳಿವು ಕೊಡಿ. "ಇಲ್ಲಿ ಇದು ಚೆನ್ನಾಗಿರುತ್ತೆ, ನಾನು ಸೂಪಿನಿಂದ ಶುರು ಮಾಡ್ತೀನಿ, ನೀವೂ ತಗೊಳ್ಳಿ" ಅಂದರೆ ಸಾಕು. ಎಷ್ಟು ಬೆಲೆಯ ತಟ್ಟೆ ಪರವಾಗಿಲ್ಲ, ಎಷ್ಟು ಸುತ್ತು ಊಟ, ಎರಡೂ ಅತಿಥಿಗೆ ಗೊತ್ತಾಗುತ್ತೆ. "ಏನು ಬೇಕಾದ್ರೂ ತಗೊಳ್ಳಿ" ಅನ್ನುವುದು ಉದಾರತೆ ಅಂತ ಅನೇಕರು ತಿಳಿದಿದ್ದಾರೆ. ಅದು ಅತಿಥಿಯನ್ನು ನಡುನೀರಿನಲ್ಲಿ ಬಿಟ್ಟ ಹಾಗೆ.

ಅವರು ಸುಳಿವು ಕೊಡದಿದ್ದರೆ ನೀವೇ ಎಳೆದುಕೊಳ್ಳಿ. "ನೀವೇನು ತಗೋತಿದೀರಿ ಸರ್?" ಅಂತ ಕೇಳಿ. ಅವರು ಹೇಳಿದ್ದರ ಆಸುಪಾಸಿನ ಬೆಲೆಯದ್ದು, ಅಥವಾ ಸ್ವಲ್ಪ ಕೆಳಗಿನದ್ದು ಹೇಳಿ. ಎಲ್ಲಕ್ಕಿಂತ ಅಗ್ಗದ್ದನ್ನೇ ಹುಡುಕಿ ಹೇಳಬೇಡಿ. ಅದು ಕರೆದವರ ಜೇಬಿನ ಬಗ್ಗೆ ನೀವು ಅನುಮಾನ ಪಟ್ಟ ಹಾಗೆ ಕಾಣುತ್ತೆ. "ಅಬ್ಬಾ, ಇಷ್ಟೊಂದು ರೇಟಾ!" ಅನ್ನುವ ಉದ್ಗಾರ ಮನೆಗೆ ಹೋದ ಮೇಲೆ.

ಅಂದ ಹಾಗೆ, ಅತಿಥಿಗೆ ಬೆಲೆಯೇ ಇಲ್ಲದ ಮೆನು ಕೊಡುವ ಪದ್ಧತಿ ಕೆಲವು ದುಬಾರಿ ಹೋಟೆಲುಗಳಲ್ಲಿ ಇದೆ. ಗಂಡಸಿಗೆ ಬೆಲೆ ಇರುವುದು, ಹೆಂಗಸಿಗೆ ಇಲ್ಲದ್ದು. 1980ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಪ್ರದೇಶದಲ್ಲಿ ಒಬ್ಬ ಮಹಿಳೆ ತನ್ನ ವ್ಯವಹಾರದ ಪಾಲುದಾರನನ್ನು ಊಟಕ್ಕೆ ಕರೆದುಕೊಂಡು ಹೋದಳು. ಬಿಲ್ ಕೊಡುವವಳು ಅವಳು, ಬೆಲೆಯ ಮೆನು ಮಾತ್ರ ಅವನ ಕೈಗೆ! ಇಬ್ಬರೂ ಸೇರಿ ತಾರತಮ್ಯದ ದಾವೆ ಹೂಡಿದರು. ಹೋಟೆಲು ಆ ಪದ್ಧತಿ ಕೈಬಿಟ್ಟ ಮೇಲೆ ದಾವೆಯನ್ನೂ ಕೈಬಿಟ್ಟರು. ಆದರೂ ರೂಢಿ ಸಾಯಲಿಲ್ಲ. ಪೆರು ದೇಶದ ರಾಜಧಾನಿ ಲಿಮಾದಲ್ಲಿ ಇದೇ ಕೆಲಸಕ್ಕೆ ಒಂದು ಹೋಟೆಲಿಗೆ 2019ರಲ್ಲಿ ದಂಡ ಬಿತ್ತು. ಕರೆದವರು ಯಾರು ಅಂತ ಕೇಳಿಕೊಂಡು ಕೊಟ್ಟರೆ ನನಗೆ ತಕರಾರಿಲ್ಲ. ಮುಖ ನೋಡಿ ಊಹೆ ಮಾಡಿದರೆ ತಕರಾರಿದೆ. ನಿಮಗೂ ಅಂಥ ಮೆನು ಬಂದರೆ ಹೆದರಬೇಡಿ, ಸುಳಿವಿನ ಉಪಾಯ ಅಲ್ಲೂ ನಡೆಯುತ್ತೆ.

ಪ್ರಶ್ನೆ: ಸಪ್ಲೈಯರ್ ಬಾಯಲ್ಲೇ ಇವತ್ತಿನ ಸ್ಪೆಷಲ್‌ಗಳನ್ನು ಹೇಳುತ್ತಾನೆ, ಬೆಲೆ ಹೇಳುವುದಿಲ್ಲ. ಎಲ್ಲರ ಎದುರು ಕೇಳುವುದು ನಾಚಿಕೆ ಅಲ್ವಾ?

ಉತ್ತರ: ಹೇಳದಿರುವುದು ಅವನಿಗೆ ನಾಚಿಕೆ, ಕೇಳುವುದು ನಿಮಗಲ್ಲ. "ಚೆನ್ನಾಗಿದೆ, ಎಷ್ಟಾಗುತ್ತೆ?" ಅನ್ನಿ. ಬೆಲೆ ಅವನ ಬಾಯಿಗೆ ಬಂದೇ ಇರುತ್ತೆ. ಮೆನುವಿನಲ್ಲಿ ಅಂಕಿಯ ಬದಲು "ಇಂದಿನ ದರ" ಅಂತಿದ್ದರೂ ಅಷ್ಟೇ. ತೂಕದ ಮೇಲೆ ಬೆಲೆ ಕಟ್ಟುವ ಪದಾರ್ಥವಾದರೆ ಎರಡು ಪ್ರಶ್ನೆ: ದರ ಎಷ್ಟು, ತಟ್ಟೆಗೆ ಬರುವುದು ಎಷ್ಟು ತೂಕ. ಒಂದನ್ನೇ ಕೇಳಿದರೆ ಏನೂ ಗೊತ್ತಾಗುವುದಿಲ್ಲ.

ಪ್ರಶ್ನೆ: ಮೊದಲ ಸಲ ಹುಡುಗಿಯನ್ನು ಊಟಕ್ಕೆ ಕರೆದಿದ್ದೇನೆ. ಬಿಲ್ ಯಾರು ಕೊಡಬೇಕು?

ಉತ್ತರ: ನಿಮ್ಮ ಪ್ರಶ್ನೆಯ ಮೊದಲ ವಾಕ್ಯ ಇನ್ನೊಮ್ಮೆ ಓದಿಕೊಳ್ಳಿ.

ಪ್ರಶ್ನೆ: ಈಚೆಗೆ ಕೆಲವು ಮೆನುಗಳಲ್ಲಿ ಬೆಲೆಯ ಹಿಂದೆ ಹಣದ ಚಿಹ್ನೆಯೇ ಇಲ್ಲ, ಬರೀ ಅಂಕಿ. ಇದರಲ್ಲಿ ಏನಾದರೂ ಮಸಲತ್ತಿದೆಯಾ?

ಉತ್ತರ: ಇದೆ ಅಂತಲೇ ಇಟ್ಟುಕೊಳ್ಳಿ. 2009ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಮಧ್ಯಾಹ್ನದ ಊಟಕ್ಕೆ ಬಂದವರ ಮೇಲೆ ಇದನ್ನು ಪ್ರಯೋಗ ಮಾಡಿದರು. ಕೆಲವರಿಗೆ ಡಾಲರ್ ಚಿಹ್ನೆ ಇರುವ ಮೆನು, ಕೆಲವರಿಗೆ ಅಕ್ಷರದಲ್ಲಿ ಬರೆದದ್ದು, ಕೆಲವರಿಗೆ ಬರೀ ಅಂಕಿ. ಬರೀ ಅಂಕಿಯ ಮೆನು ಹಿಡಿದವರು ಜಾಸ್ತಿ ಖರ್ಚು ಮಾಡಿದರು. ದುಡ್ಡು ಅನ್ನುವುದು ನೆನಪಾಗದಿದ್ದರೆ ಕೈ ಸಡಿಲ ಆಗುತ್ತೆ ಅನ್ನೋದು ತರ್ಕ. ಒಂದು ಹೋಟೆಲಿನ ಪ್ರಯೋಗವನ್ನೇ ವೇದವಾಕ್ಯ ಮಾಡಿಕೊಳ್ಳುವುದೂ ಬೇಡ.

ನಾನು ಗಮನಿಸಿದ ಹಳೆಯ ಮಸಲತ್ತು ಬೇರೆ. ಪಟ್ಟಿಯ ತಲೆಯಲ್ಲಿ ಒಂದು ಭಾರೀ ಬೆಲೆಯ ಐಟಂ ಇರುತ್ತಿತ್ತು. ಅದನ್ನು ತರಿಸುವವರು ಅಪರೂಪ. ಅದರ ಕೆಳಗಿನದ್ದು ಪಕ್ಕದಲ್ಲಿ ಅಗ್ಗವಾಗಿ ಕಂಡು ಚೆನ್ನಾಗಿ ಹೋಗುತ್ತಿತ್ತು. ಮೆನು ಕೈಗೆ ಬಂದರೆ ನಾನು ಈಗಲೂ ಕೆಳಗಿನಿಂದ ಮೇಲಕ್ಕೆ ಓದುತ್ತೇನೆ.

ಪ್ರಶ್ನೆ: ಗುಂಪಿನಲ್ಲಿ ನಾನು ತಿನ್ನಬೇಕು ಅಂದುಕೊಂಡದ್ದನ್ನೇ ಪಕ್ಕದವರು ಮೊದಲು ಹೇಳಿಬಿಡುತ್ತಾರೆ. ಆಗ ನಾನು ಬೇರೆ ಏನೋ ಹೇಳಿ, ಆಮೇಲೆ ಅವರ ತಟ್ಟೆಯನ್ನೇ ನೋಡುತ್ತಾ ಕೂರುತ್ತೇನೆ.

ಉತ್ತರ: ನಿಮಗೊಬ್ಬರಿಗೇ ಅಲ್ಲ. ಡ್ಯಾನ್ ಏರಿಯಲಿ ಮತ್ತು ಜೊನಾಥನ್ ಲೆವಾವ್ ಅನ್ನುವ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಕಂಡದ್ದು. ಒಬ್ಬರಾದ ಮೇಲೊಬ್ಬರು ಗಟ್ಟಿಯಾಗಿ ಆರ್ಡರ್ ಹೇಳಿದಾಗ ಜನ ಬೇರೆಯವರಿಗಿಂತ ಬೇರೆಯಾಗಿ ಕಾಣಲು ಹೋಗಿ ತಮಗೆ ಅಷ್ಟೇನೂ ಬೇಡವಾದದ್ದನ್ನು ಆರಿಸಿದರು. ಖುಷಿಯಾಗಿ ಉಳಿದವರು ಮೊದಲು ಹೇಳಿದವರು. ನೀವೂ ಮೊದಲು ಹೇಳಿ. ಆಗದಿದ್ದರೆ "ನನಗೂ ಅದೇ" ಅನ್ನಿ. ಅಡುಗೆಮನೆಯವರಿಗಂತೂ ಅದೇ ಸಲೀಸು.

ಪ್ರಶ್ನೆ: ನನ್ನ ಭಾವ ಬಿಲ್ ಕೊಡಲು ಬಿಡುವುದೇ ಇಲ್ಲ. ಪ್ರತಿ ಸಲ ಗಲ್ಲಾದ ಎದುರು ಎಳೆದಾಟ. ಈ ಸಲ ಕರೆದವನು ನಾನು. ಗೆಲ್ಲುವುದು ಹೇಗೆ?

ಉತ್ತರ: ಈ ಎಳೆದಾಟವನ್ನು ನಾನು ಆ ಕಡೆಯಿಂದ ನೋಡಿದ್ದೇನೆ. ಎರಡು ಕೈ, ಎರಡು ಮುಷ್ಟಿ ನೋಟು. ಒಬ್ಬರು ಇನ್ನೊಬ್ಬರ ಮಣಿಕಟ್ಟು ಹಿಡಿದಿರುತ್ತಾರೆ. "ಅವರ ಹತ್ರ ತಗೋಬೇಡಿ!" ಅಂತ ಇಬ್ಬರೂ ನನಗೇ ಗದರಿಸುವುದು. ಹಿಂದೆ ಕ್ಯೂ ಬೆಳೆಯುತ್ತಿರುತ್ತೆ. ನಾನು ಯಾರ ನೋಟು ಮೇಜಿಗೆ ಮೊದಲು ತಾಗಿತೋ ಅದನ್ನು ತೆಗೆದುಕೊಳ್ಳುತ್ತಿದ್ದೆ. ಸೋತವರು ಹೋಗುವಾಗ ನನ್ನನ್ನು ಕೆಕ್ಕರಿಸಿ ನೋಡುತ್ತಿದ್ದರು.

ಜಾಣರು ಬೇರೆ ಇರುತ್ತಿದ್ದರು. ಊಟದ ನಡುವೆ ಕೈ ತೊಳೆಯುವ ನೆಪದಲ್ಲಿ ಎದ್ದು ಬಂದು, ಟೇಬಲ್ ನಂಬರ್ ಹೇಳಿ, "ಬಿಲ್ ಅಲ್ಲಿಗೆ ಕಳಿಸಬೇಡಿ" ಅಂತ ಮೆಲ್ಲಗೆ ಹೇಳಿ ಹೋಗುತ್ತಿದ್ದರು. ಕೆಲವರು ಮುಂಗಡವನ್ನೇ ಕೊಟ್ಟಿಡುತ್ತಿದ್ದರು. ನೀವೂ ಹಾಗೇ ಮಾಡಿ. ಸಿಹಿ ತರಿಸುವ ಹೊತ್ತಿಗೆ ಏಳಬೇಕು. ಅದಕ್ಕಿಂತ ತಡವಾದರೆ ಭಾವನೇ ಎದ್ದುಬಿಡುತ್ತಾರೆ. ಮುಂದಿನ ಸಲ ಅವರು ಕರೆದಾಗ ನೀವು ಜೇಬಿಗೆ ಕೈ ಹಾಕಬೇಡಿ, ನಾಟಕಕ್ಕೂ ಹಾಕಬೇಡಿ. "ಊಟ ಚೆನ್ನಾಗಿತ್ತು ಭಾವ" ಅನ್ನಿ.

ಪ್ರಶ್ನೆ: ಅತಿಥಿಗಳ ಎದುರು ಬಿಲ್ಲನ್ನು ಸಾಲು ಸಾಲಾಗಿ ಓದಿ ನೋಡುವುದು ಚೆನ್ನಾಗಿರುತ್ತಾ?

ಉತ್ತರ: ಅವರ ಎದುರು ಬೇಡ, ಗಲ್ಲಾದ ಹತ್ತಿರ ಹೋಗಿ ಓದಿ. ಓದದೆ ಮಾತ್ರ ಕೊಡಬೇಡಿ. ಮೋಸವೇ ಆಗಬೇಕೆಂದಿಲ್ಲ. ಪಕ್ಕದ ಟೇಬಲಿನ ಚೀಟಿ ನಿಮ್ಮ ನಂಬರಿಗೆ ಸೇರಿರುತ್ತೆ, ಅಥವಾ ಬೇಡ ಅಂತ ವಾಪಸು ಕಳಿಸಿದ ತಟ್ಟೆಯನ್ನು ತೆಗೆದುಹಾಕುವುದು ಮರೆತಿರುತ್ತೆ. ಮೊದಲು ಟೇಬಲ್ ನಂಬರ್ ನೋಡಿ, ಆಮೇಲೆ ಪಾನೀಯಗಳ ಎಣಿಕೆ. ನಾನು ಕಂಡಂತೆ ತಪ್ಪು ಜಾಸ್ತಿ ಆಗುತ್ತಿದ್ದದ್ದು ಅಲ್ಲೇ.