ಸುಂಕ ಸೊನ್ನೆ ಆಗೋದು ಹೊಲಿಗೆಗೋ, ಬಟ್ಟೆಗೋ?

ಪ್ರಶ್ನೆ: ನಾನು ಪೀಣ್ಯದಲ್ಲಿ ಗಾರ್ಮೆಂಟ್ಸ್‌ಗೆ ಹೋಗುತ್ತೇನೆ, ಚೆಕಿಂಗ್ ಕೆಲಸ. ನಮ್ಮ ಲೈನಿನ ಅಂಗಿಗಳು ಇಂಗ್ಲೆಂಡಿಗೆ ಹೋಗುತ್ತವೆ. ಅವರ ಜೊತೆ ಒಪ್ಪಂದ ಆಗಿದೆ, ಇನ್ನು ಸುಂಕ ಇರಲ್ಲ ಎಂದು ಸೂಪರ್‌ವೈಸರ್ ಹೇಳುತ್ತಾರೆ. ಉಳಿಯುವ ಆ ದುಡ್ಡು ಯಾರಿಗೆ ಸೇರುತ್ತೆ? ಬಾಂಗ್ಲಾದೇಶಕ್ಕೆ ಮಾತ್ರ ಮೊದಲಿನಿಂದ ಸುಂಕ ಇಲ್ಲವಂತೆ, ಯಾಕೆ?
– ಲಗ್ಗೆರೆಯ ಓದುಗರು

ಉತ್ತರ: ದುಡ್ಡು ಯಾರಿಗೆ ಎಂದು ನೇರವಾಗಿ ಕೇಳಿದ್ದೀರಿ. ಅಲ್ಲಿಂದಲೇ ಶುರು ಮಾಡುತ್ತೇನೆ.

ಸುಂಕ ಕಟ್ಟುವುದು ನಿಮ್ಮ ಫ್ಯಾಕ್ಟರಿ ಅಲ್ಲ. ಇಂಗ್ಲೆಂಡಿನಲ್ಲಿ ಮಾಲು ಇಳಿಸಿಕೊಳ್ಳುವ ಬೈಯರ್ ಕಟ್ಟಬೇಕು. ಒಂದು ಅಂಗಿ ಅಲ್ಲಿನ ಬಂದರಿಗೆ ಹೋಗುವಷ್ಟರಲ್ಲಿ 500 ರೂಪಾಯಿ ಬೀಳುತ್ತದೆ ಅಂದುಕೊಳ್ಳಿ. ಸಿದ್ಧ ಉಡುಪಿಗೆ ಅಲ್ಲಿ 12% ತನಕ ಸುಂಕ ಇದೆ. ಅಂದರೆ ಹೆಚ್ಚೆಂದರೆ 60 ರೂಪಾಯಿ. ಸುಂಕ ಸೊನ್ನೆ ಆದರೆ ಆ 60 ರೂಪಾಯಿ ಮೊದಲು ಉಳಿಯುವುದು ಬೈಯರ್ ಕೈಯಲ್ಲಿ. ಅದರಲ್ಲಿ ಎಷ್ಟು ಫ್ಯಾಕ್ಟರಿಗೆ ಬರುತ್ತದೆ ಎನ್ನುವುದು ರೇಟು ಮಾತಾಡುವಾಗ ತೀರ್ಮಾನ ಆಗುತ್ತದೆ. ಫ್ಯಾಕ್ಟರಿಗೆ ಬಂದದ್ದರಲ್ಲಿ ನಿಮಗೆಷ್ಟು ಎಂದು ಯಾವ ಸುಂಕದ ಪಟ್ಟಿಯಲ್ಲೂ ಬರೆದಿರುವುದಿಲ್ಲ. ನಿಮ್ಮ ಕನಿಷ್ಠ ವೇತನ ಗೊತ್ತುಮಾಡುವುದು ನಮ್ಮ ರಾಜ್ಯ ಸರ್ಕಾರದ ಆದೇಶ. ಒಪ್ಪಂದದಿಂದ ಆರ್ಡರ್ ಬರಬಹುದು, ಸಂಬಳ ತಾನಾಗಿ ಬರುವುದಿಲ್ಲ. ಇದನ್ನು ನಿಮಗೆ ಮುಚ್ಚಿಟ್ಟು ಹೇಳಬಾರದು ಅನ್ನಿಸಿತು.

ಇನ್ನೊಂದು ಮಾತು. ಭಾರತ ಮತ್ತು ಬ್ರಿಟನ್ ಸಹಿ ಹಾಕಿದ್ದು 2025ರ ಜುಲೈ 24ರಂದು. ಸಹಿ ಬಿದ್ದ ದಿನವೇ ಸುಂಕ ಇಳಿಯುವುದಿಲ್ಲ, ಜಾರಿಯ ದಿನ ಬೇರೆ ಇರುತ್ತದೆ. ಆಸ್ಟ್ರೇಲಿಯಾ ಜೊತೆ 2022ರ ಏಪ್ರಿಲ್‌ನಲ್ಲಿ ಸಹಿ ಆಯಿತು, ಜಾರಿಗೆ ಬಂದದ್ದು ಡಿಸೆಂಬರ್ 29ಕ್ಕೆ.

ಈಗ ಬಾಂಗ್ಲಾದೇಶದ ವಿಷಯ. ತೀರಾ ಬಡ ದೇಶಗಳ ಪಟ್ಟಿಯಲ್ಲಿ ಇರುವವರಿಗೆ ಯುರೋಪ್ ಒಕ್ಕೂಟ 2001ರಲ್ಲಿ, ಆಯುಧ ಬಿಟ್ಟು ಮಿಕ್ಕೆಲ್ಲ ಮಾಲಿಗೆ ಬಾಗಿಲು ತೆರೆಯಿತು. ಆಗ ಬ್ರಿಟನ್ನೂ ಆ ಒಕ್ಕೂಟದಲ್ಲೇ ಇತ್ತು. ಆದರೆ ಅದಕ್ಕೊಂದು ಷರತ್ತಿತ್ತು. ಬಟ್ಟೆಯನ್ನೂ ನೀವೇ ನೇಯಬೇಕು, ಅಂಗಿಯನ್ನೂ ನೀವೇ ಹೊಲಿಯಬೇಕು. ಟೀ ಶರ್ಟಿನ ಹೆಣಿಗೆ ಬಟ್ಟೆ ಬಾಂಗ್ಲಾದಲ್ಲೇ ಆಗುತ್ತಿದ್ದುದರಿಂದ ಅದಕ್ಕೆ ತೊಂದರೆ ಇರಲಿಲ್ಲ. ಅಂಗಿ, ಪ್ಯಾಂಟಿನ ನೇಯ್ದ ಬಟ್ಟೆ ಹೆಚ್ಚಾಗಿ ಹೊರಗಿನಿಂದ ಬರುತ್ತಿತ್ತು, ಅಲ್ಲಿ ಸಿಕ್ಕಿಹಾಕಿಕೊಂಡರು. 2011ರ ಜನವರಿಯಿಂದ ಆ ದೇಶಗಳಿಗೆ ಹೊಲಿಗೆ ಒಂದೇ ಸಾಕು ಎಂದು ಷರತ್ತು ಸಡಿಲ ಮಾಡಿದರು. ಬಟ್ಟೆ ಚೀನಾದ್ದೇ ಆಗಿರಲಿ, ಢಾಕಾದಲ್ಲಿ ಹೊಲಿದರೆ ಸುಂಕ ಇಲ್ಲ. ಅದೇ ಬಟ್ಟೆ ಪೀಣ್ಯದಲ್ಲಿ ಹೊಲಿದರೆ ಸುಂಕ ಉಂಟು. ನಿಮ್ಮ ಕೈಕೆಲಸ ಕಡಿಮೆ ಎಂದು ಯಾರಾದರೂ ಅಂದರೆ ಇದನ್ನು ಹೇಳಿ.

ಪ್ರಶ್ನೆ: ಕಾಮಾಕ್ಷಿಪಾಳ್ಯದಲ್ಲಿ 40 ಮೆಷಿನ್‌ನ ಸಣ್ಣ ಯೂನಿಟ್ ನನ್ನದು. ಚೀನಾದಿಂದ ಬಂದ ಪಾಲಿಯೆಸ್ಟರ್ ಬಟ್ಟೆ ತಂದು ಲೇಡೀಸ್ ಟಾಪ್ ಹೊಲಿಸುತ್ತೇನೆ. ದುಬೈ ಬೈಯರ್ ಈಗ ಒರಿಜಿನ್ ಸರ್ಟಿಫಿಕೇಟ್ (ಮಾಲು ಯಾವ ದೇಶದ್ದೆಂದು ತೋರಿಸುವ ಪತ್ರ) ಕೇಳುತ್ತಿದ್ದಾರೆ. ಇಲ್ಲೇ ಹೊಲಿದದ್ದು ಅಂದಮೇಲೆ ಭಾರತದ್ದೇ ಅಲ್ವಾ?

ಉತ್ತರ: ಕಾಲರ್ ಲೇಬಲ್ಲಿಗೆ ಭಾರತದ್ದು. ಸುಂಕ ಇಳಿಸುವ ಒಪ್ಪಂದದ ಲೆಕ್ಕಕ್ಕೂ ಭಾರತದ್ದೇ ಎಂದು ಸುಮ್ನೆ ಅಂದುಕೊಳ್ಳಬೇಡಿ. ಈ ಎರಡನ್ನೂ ಒಂದೇ ಅಂದುಕೊಂಡು ಕೈ ಸುಟ್ಟುಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಒಂದು ಟಾಪ್ ಆಗಲು ನಾಲ್ಕು ಹೆಜ್ಜೆ: ನಾರು, ನೂಲು, ಬಟ್ಟೆ, ಹೊಲಿಗೆ. ಇವುಗಳಲ್ಲಿ ಎಷ್ಟು ಹೆಜ್ಜೆ ನಿಮ್ಮ ದೇಶದಲ್ಲಿ ಆಗಿರಬೇಕು ಎಂದು ಪ್ರತಿ ಒಪ್ಪಂದವೂ ಬೇರೆ ಬೇರೆ ಹೇಳುತ್ತದೆ. ಅಮೆರಿಕ, ಮೆಕ್ಸಿಕೊ, ಕೆನಡಾ ತಮ್ಮೊಳಗೆ ಮಾಡಿಕೊಂಡ ಒಪ್ಪಂದ ಬಹಳ ಬಿಗಿ. ಅಲ್ಲಿ ಹೆಚ್ಚಿನ ಉಡುಪಿಗೆ ನೂಲಿನಿಂದಲೇ ಲೆಕ್ಕ ಶುರು. ಹೊಲಿಗೆ ದಾರಕ್ಕೆ, ಜೇಬಿನ ಒಳಬಟ್ಟೆಗೆ ಕೂಡ ಪ್ರತ್ಯೇಕ ಷರತ್ತಿದೆ. ಜೇಬಿನ ಒಳಗೆ ಕೈ ಹಾಕಿದರೂ ಒಪ್ಪಂದ ಸಿಗುತ್ತದೆ ನೋಡಿ! ಯುರೋಪಿನ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಎರಡು ಹೆಜ್ಜೆ ಬೇಕು, ನೇಯ್ಗೆ ಮತ್ತು ಹೊಲಿಗೆ.

ನಿಮ್ಮ ಮಾಲು ಹೋಗುವುದು ದುಬೈಗೆ. ದುಬೈ ಸೇರಿದ ಯುಎಇ ದೇಶದ ಜೊತೆ ಭಾರತ ಮಾಡಿಕೊಂಡ ಒಪ್ಪಂದ 2022ರ ಮೇ 1ರಿಂದ ಜಾರಿಯಲ್ಲಿದೆ. ಮೊದಲು ನಿಮ್ಮ ಟಾಪಿನ ಎಚ್‌ಎಸ್ ಕೋಡ್, ಅಂದರೆ ಸುಂಕದ ಪಟ್ಟಿಯಲ್ಲಿ ಆ ಮಾಲಿಗಿರುವ ನಂಬರು, ಸರಿಯಾಗಿ ಗೊತ್ತುಮಾಡಿಕೊಳ್ಳಿ. ಆ ಪಟ್ಟಿಯಲ್ಲಿ ಹೆಣಿಗೆ ಬಟ್ಟೆಯ ಉಡುಪು 61ನೇ ಅಧ್ಯಾಯ, ನೇಯ್ದ ಬಟ್ಟೆಯದು 62. ಹೊರಗಿಂದ ನೋಡಲು ಒಂದೇ ಥರ ಇದ್ದರೂ ಕೋಡ್ ಬೇರೆ, ಷರತ್ತೂ ಬೇರೆ ಇರಬಹುದು. ಆ ಕೋಡಿನ ಎದುರಿಗೆ ಒಪ್ಪಂದದಲ್ಲಿ ಏನಿದೆ ಎಂದು ಓದಿ. ಆಮೇಲೆ ಡಿಜಿಎಫ್‌ಟಿಯ (ಕೇಂದ್ರ ಸರ್ಕಾರದ ವಿದೇಶ ವ್ಯಾಪಾರ ಇಲಾಖೆ) ಆನ್‌ಲೈನ್ ವ್ಯವಸ್ಥೆಯಲ್ಲಿ ಸರ್ಟಿಫಿಕೇಟಿಗೆ ಅರ್ಜಿ ಹಾಕಿ.

ಅರ್ಜಿಗಿಂತ ದೊಡ್ಡ ತಲೆನೋವು ಫೈಲು. ನಾನು ಒಂದು ಕಾರ್ಖಾನೆಯಲ್ಲಿ ಎಕ್ಸ್‌ಪೋರ್ಟ್ ಡಾಕ್ಯುಮೆಂಟ್ ನೋಡಿಕೊಳ್ಳುತ್ತಿದ್ದೆ. ಒಂದು ಸಲ ಬಟ್ಟೆ ಕೊಟ್ಟ ವ್ಯಾಪಾರಿಯ ಬಿಲ್ಲಿನಲ್ಲಿ ಮಿಲ್ಲಿನ ಹೆಸರೇ ಇರಲಿಲ್ಲ. 'ಶರ್ಟಿಂಗ್' ಎಂದು ಒಂದು ಪದ, ಕೆಳಗೆ ಮೀಟರ್ ಲೆಕ್ಕ, ಅಷ್ಟೆ. ಬಟ್ಟೆ ಇಲ್ಲಿಯದೇ ಎಂದು ನಮಗೆ ಗೊತ್ತು, ತೋರಿಸಲು ಕಾಗದ ಇಲ್ಲ. ರಾತ್ರಿ ಕಟಿಂಗ್ ಸೆಕ್ಷನ್ನಿನ ಕಸದ ಮೂಟೆ ಬಿಚ್ಚಿ, ರೋಲಿನ ರಟ್ಟಿನ ಕೊಳವೆಗೆ ಅಂಟಿಸಿದ್ದ ಚೀಟಿಗಳನ್ನು ಹುಡುಕಿದೆವು. ಲಾಟ್ ನಂಬರು ಹಿಡಿದು ಮಿಲ್ಲಿಗೆ ಫೋನು ಮಾಡಿ ಪತ್ರ ತರಿಸಿಕೊಂಡೆವು. ಹಾಗಾಗಿ ಬಟ್ಟೆ ಬಂದ ದಿನವೇ ಪ್ರತಿ ರೋಲಿನ ಚೀಟಿ ಕಿತ್ತು ಬಿಲ್ಲಿನ ಜೊತೆ ಪಿನ್ ಮಾಡಿ ಇಡಿ. ಚೀನಾ ಬಟ್ಟೆಗೂ ಇಡಿ, ಇಲ್ಲಿನ ಬಟ್ಟೆಗೂ ಇಡಿ. ಎರಡರ ಸ್ಟಾಕನ್ನು ಬೆರೆಸಲೇ ಬೇಡಿ. ಷರತ್ತಿಗೆ ಹೊಂದದ ಮಾಲಿಗೆ 'ಇರಲಿ ಬಿಡಿ' ಎಂದು ಸರ್ಟಿಫಿಕೇಟ್ ಮಾಡಿಸಿದರೆ, ಮುಂದೆ ಪರಿಶೀಲನೆ ಬಂದಾಗ ಬೈಯರ್ ಬಾಕಿ ಸುಂಕ ಕಟ್ಟಬೇಕಾದೀತು. ಆಮೇಲೆ ಅವರು ನಿಮ್ಮ ಫೋನು ಎತ್ತುವುದಿಲ್ಲ.

ಪ್ರಶ್ನೆ: ನಮ್ಮ ತಂದೆ ಮೈಸೂರು ರಸ್ತೆಯ ಫ್ಯಾಕ್ಟರಿಯೊಂದರಲ್ಲಿ ಇದ್ದರು. 'ಕೋಟಾ ಮುಗೀತು' ಅಂತ ಆಗಾಗ ಹೇಳುತ್ತಿದ್ದರು. ಏನದು?

ಉತ್ತರ: ಆಗ ಸುಂಕ ಒಂದೇ ಅಲ್ಲ, ಲೆಕ್ಕವೂ ಇತ್ತು. ಅಮೆರಿಕ, ಯುರೋಪ್ ಮುಂತಾದ ಶ್ರೀಮಂತ ದೇಶಗಳು ಒಂದೊಂದು ದೇಶದಿಂದ ವರ್ಷಕ್ಕೆ ಇಷ್ಟೇ ಪೀಸ್ ತರಿಸುತ್ತೇವೆ ಎಂದು ಕಟ್ಟು ಹಾಕಿದ್ದವು. 1974ರಲ್ಲಿ ಬಂದ ಈ ಏರ್ಪಾಡಿನ ಹೆಸರು ಮಲ್ಟಿ ಫೈಬರ್ ಅರೇಂಜ್‌ಮೆಂಟ್. ನಮ್ಮಲ್ಲಿ ಆ ಕೋಟಾ ಹಂಚುತ್ತಿದ್ದುದು ಎಇಪಿಸಿ, ಅಂದರೆ ಉಡುಪು ರಫ್ತು ಉತ್ತೇಜನ ಮಂಡಳಿ. ಕೋಟಾ ಇದ್ದವರು ಅದನ್ನು ಪೀಸಿಗೆ ಇಷ್ಟು ಎಂದು ಇನ್ನೊಬ್ಬರಿಗೆ ಮಾರುತ್ತಿದ್ದರು. ಒಂದು ಹೊಲಿಗೆಯನ್ನೂ ಹಾಕದೆ ಕಾಗದದ ಮೇಲೆ ದುಡ್ಡು! ಆರ್ಡರ್ ಇದ್ದೂ ಕೋಟಾ ಇಲ್ಲದವರು ಸುಮ್ಮನೆ ಕೂರಬೇಕಿತ್ತು.

1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ (ಡಬ್ಲ್ಯುಟಿಒ) ಬಂದಾಗ ಹತ್ತು ವರ್ಷದಲ್ಲಿ ಇದನ್ನು ತೆಗೆಯುವುದೆಂದು ಮಾತಾಯಿತು. ಒಂದೊಂದು ಹಂತದಲ್ಲಿ ಕೋಟಾದ ಕಟ್ಟಿನಿಂದ ಬಿಡಿಸಬೇಕಾದ ಮಾಲಿನ ಪಾಲು 16%, 17%, 18%. ಉಳಿದ 49% ಅನ್ನು ಕೊನೆಯ ದಿನಕ್ಕೆ ಇಟ್ಟುಕೊಂಡರು. ನಮ್ಮಂಥವರಿಗೆ ಬೇಕಾದ ಉಡುಪೆಲ್ಲ ಹೆಚ್ಚಾಗಿ ಆ ಕೊನೆಯ ಪಾಲಿನಲ್ಲೇ ಇತ್ತು. ಹತ್ತು ವರ್ಷ ಕಾಯಿಸಿದ್ದು ಸರಿಯಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ. 2005ರ ಜನವರಿ 1ಕ್ಕೆ ಕೋಟಾ ಹೋಯಿತು. ಅದೇ ವರ್ಷ ಚೀನಾದ ಮಾಲು ಜಾಸ್ತಿ ನುಗ್ಗಿತೆಂದು ಯುರೋಪ್ ಮತ್ತೆ ಮಿತಿ ಹಾಕಿತು. ಸ್ವೆಟರ್, ಪ್ಯಾಂಟು ಅಲ್ಲಿನ ಬಂದರುಗಳಲ್ಲೇ ಕೊಳೆಯುತ್ತಾ ನಿಂತವು. ನಿಮ್ಮ ತಂದೆಯನ್ನು ಕೇಳಿ ನೋಡಿ, ಆ ವರ್ಷ ಎಷ್ಟು ಓಟಿ ಮಾಡಿದ್ದರೆಂದು ಅವರಿಗೆ ನೆನಪಿರಬಹುದು.